ಲಾವಾದ ನಡುವೆ ಉಳಿದ ಕಾಡು: ಕಾಲದ ಜಗಳ, ಮೂಲದ ಜಗಳ

ರಾಯದುರ್ಗ, ಮಡಕಶಿರಗಳ ಸೀಮೆಯಲ್ಲಿ ಕಾಲಿಗೆ ಸಿಗುವುದು ಗ್ರಾನೈಟ್ ಮತ್ತು ನೈಸ್. ಅವುಗಳನ್ನು ಸೀಳಿಕೊಂಡು ಅಲ್ಲಲ್ಲಿ ಕಪ್ಪು ಕಲ್ಲಿನ ಪಟ್ಟೆಗಳು ಮೈಲಿಗಟ್ಟಲೆ ಓಡುತ್ತವೆ. ಆ ಕಪ್ಪು ಕಲ್ಲನ್ನು ಕಂಡು ದಖನ್ನಿನ ಲಾವಾ ಇಲ್ಲಿಯವರೆಗೂ ಹರಿದಿತ್ತು ಎಂದುಕೊಳ್ಳುವುದು ಸುಲಭ. ಆದರೆ ಈ ಪಟ್ಟೆಗಳು ಬಹುಪಾಲು ಸುಮಾರು 200 ಕೋಟಿ ವರ್ಷ ಅಥವಾ ಅದಕ್ಕೂ ಹಿಂದಿನವು. ದಖನ್ ಟ್ರ್ಯಾಪ್‌ಗೆ ಅಂದರೆ ಆ ಲಾವಾ ರಾಶಿಗೆ ಇರುವುದು ಬರೀ 6.6 ಕೋಟಿ ವರ್ಷ. ಅನಂತಪುರ ಸೀಮೆಯ ಪೂರ್ವದಂಚಿನಲ್ಲಿ, ತಾಡಿಪತ್ರಿಯ ಕಡೆಯ ಕಡಪಾ ಶಿಲಾಸಮೂಹದಲ್ಲಿ, ನೀರಿನಡಿ ಕೂತ ಕಲ್ಲೂ ಅಗ್ನಿಶಿಲೆಯೂ ಒಂದರೊಡನೊಂದು ಸಿಗುವುದು ನಿಜ. ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳೂ ಅಲ್ಲಿವೆ. ಪುಲಿವೆಂದುಲದ ಅಗ್ನಿಶಿಲೆಯೊಂದರ ವಯಸ್ಸು 188.5 ಕೋಟಿ ವರ್ಷವೆಂದು ಗೊತ್ತಾಗಿದೆ. ಆ ಕಾಲಕ್ಕೆ ನೆಲದ ಮೇಲೆ ಗಿಡವೆಂಬುದೇ ಇರಲಿಲ್ಲ.

ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಎಲೆ, ಹಣ್ಣು, ಬೀಜ, ಮರದ ದಿಮ್ಮಿ ನೋಡಬೇಕೆಂದರೆ ಕನ್ನಡ ನಾಡಿನ ಉತ್ತರದಂಚಿಗೆ, ರಾಯದುರ್ಗದಿಂದ ಸುಮಾರು 250 ಕಿ.ಮೀ. ಆಚೆಗಿನ ಗುರುಮಠಕಲ್, ಸೇಡಂ ಕಡೆಗೆ ಹೋಗಬೇಕು. ಅಲ್ಲಿಂದ ಮುಂದಕ್ಕೆ ವಿಕಾರಾಬಾದ್, ನಾಗಪುರ, ಛಿಂದ್ವಾಡಾ, ಪೂರ್ವಕ್ಕೆ ಗೋದಾವರಿಯ ದಂಡೆಯ ರಾಜಮಹೇಂದ್ರಿ. ಈ ತೆಳ್ಳನೆಯ ಪದರಗಳ ಬಗ್ಗೆ ನೂರೆಂಬತ್ತು ವರ್ಷಗಳಿಂದ ವಾದ ನಡೆದಿದೆ. ಮೊದಲ ನೂರೈವತ್ತು ವರ್ಷ ಕೇಳಿದ ಪ್ರಶ್ನೆ, ಈ ಗಿಡಗಳು ಯಾವ ಕಾಲದವು ಎಂಬುದು. ಈಗ ಕೇಳುತ್ತಿರುವುದು, ಇವು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು. ನನ್ನ ಮಟ್ಟಿಗೆ ಎರಡನೆಯದೇ ಈ ಪಳೆಯುಳಿಕೆಗಳಿಗೆ ತಕ್ಕ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳುವ ಶಕ್ತಿ ಗಿಡಗಳಿಗೆ ಇರಲೇ ಇಲ್ಲ.

ಕೆರೆ ಆದದ್ದು, ಕಲ್ಲಾದದ್ದು

ದಖನ್ ಟ್ರ್ಯಾಪ್ ಇಂದು ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿಕೊಂಡಿದೆ. ಪಶ್ಚಿಮ ಘಟ್ಟದಲ್ಲಿ ಅದರ ಒಟ್ಟು ದಪ್ಪ 2 ಕಿ.ಮೀ. ಮೀರುತ್ತದೆ, ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿಗಳ ಎರೆಭೂಮಿಗೆ ಅದೇ ತಾಯಿಕಲ್ಲು. ಲಾವಾ ಒಂದೇ ಸಲಕ್ಕೆ ಹರಿದು ಮುಗಿದದ್ದಲ್ಲ. ಒಂದು ಹರಿವು ತಣ್ಣಗಾಗಿ, ಮೇಲೆ ಮಣ್ಣು ಹುಟ್ಟಿ, ಹಳ್ಳಗಳಿಗೆ ಲಾವಾವೇ ಅಡ್ಡಗಟ್ಟೆಯಾಗಿ ಕೆರೆಗಳು ನಿಂತವು. ಕೆರೆಯಂಚಿನಲ್ಲಿ ತಾಳೆ ಜಾತಿಯ ಮರಗಳು, ನೀರಿನ ಮೇಲೆ ಅಜೋಲಾ, ತಳದಲ್ಲಿ ಕಾರಾ ಪಾಚಿ, ಬಸವನಹುಳು. ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಹೀಗೆ ಎರಡು ಹರಿವುಗಳ ನಡುವೆ ಉಳಿದ, ಹೆಚ್ಚಿನ ಕಡೆ ಕೆಲವೇ ಮೀಟರ್ ದಪ್ಪದ ಜೇಡಿ, ಸುಣ್ಣಕಲ್ಲು, ಚೆರ್ಟ್ (ಸಿಲಿಕದ ಗಟ್ಟಿ ಕಲ್ಲು) ಪದರಗಳನ್ನು ಭೂವಿಜ್ಞಾನಿಗಳು ಇಂಟರ್‌ಟ್ರ್ಯಾಪಿಯನ್ ಎನ್ನುತ್ತಾರೆ.

ಗಿಡಗಳು ಹೀಗೆ ಉಳಿಯಲು ಕಾರಣ ಸಿಲಿಕ. ಕಳಿತ ಲಾವಾದಿಂದ ನೀರಿಗೆ ಸೇರಿದ ಸಿಲಿಕ ಸತ್ತ ಗಿಡದ ಕೋಶಕೋಶಕ್ಕೂ ಇಳಿದು ಗಟ್ಟಿಯಾಯಿತು. ಛಿಂದ್ವಾಡಾ ಜಿಲ್ಲೆಯ ಮೊಹಗಾಂವ್ ಕಲಾಂನ ಚೆರ್ಟ್ ತುಂಡೊಂದನ್ನು ಕೊಯ್ದು, ಮುಖವನ್ನು ನುಣ್ಣಗೆ ಉಜ್ಜಿ, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕೊಂಚ ಹೊತ್ತು ಅದ್ದಿದರೆ ಸಿಲಿಕ ಕರಗಿ ಕೋಶಗಳ ಗೋಡೆ ಕೂದಲೆಳೆಯಷ್ಟು ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದರ ಮೇಲೆ ಅಸಿಟೇಟ್ ಹಾಳೆ ಅಂಟಿಸಿ ಕಿತ್ತರೆ ಒಂದು ಹಣ್ಣಿನ ಅಡ್ಡಕೊಯ್ತ ಹಾಳೆಗೆ ಬರುತ್ತದೆ. ಮತ್ತೆ ಉಜ್ಜು, ಮತ್ತೆ ಅದ್ದು, ಇನ್ನೊಂದು ಹಾಳೆ. ಎನಿಗ್ಮೊಕಾರ್ಪಾನ್ ಎಂಬ ಹಣ್ಣನ್ನು ತಿಳಿದದ್ದೇ ಹೀಗೆ: ಒಳಗೆ ವರ್ತುಲವಾಗಿ ಕೂತ ಕೋಣೆಗಳು, ಕೋಣೆ ತುಂಬ ಬೀಜ. ಪುರಾಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ ಅದಕ್ಕೆ ಹೆಸರಿಟ್ಟಾಗ ಅದು ಯಾವ ಕುಟುಂಬದ್ದೆಂದು ತಿಳಿದಿರಲಿಲ್ಲ. ಅದೇ ಕಲ್ಲಿನಲ್ಲಿ ಸಿಕ್ಕ ಸಾಹ್ನಿಯಾಂಥಸ್ ಎಂಬ ಹೂವೂ ಈ ಹಣ್ಣೂ ಒಂದೇ ಗಿಡದವೆಂದು ಮುಂದೆ ಗೊತ್ತಾಯಿತು. ಗೋರಂಟಿ, ನಂದಿ ಮರಗಳ ಕುಟುಂಬದ ಕಡೆಗೆ ಅದನ್ನು ಸೇರಿಸಿದ್ದಾರೆ. ಹೂವಿನಿಂದ ಹಣ್ಣಿನವರೆಗಿನ ಹಂತಗಳು ಒಂದೇ ಜಾಗದ ಕಲ್ಲಿನಲ್ಲಿ ಉಳಿಯುವುದು ಪಳೆಯುಳಿಕೆ ಲೋಕದಲ್ಲಿ ಅಪರೂಪ.

ಒಂದು ವಿಚಿತ್ರ ಇಲ್ಲೇ ಹೇಳಿಬಿಡಬೇಕು. ಲಾವಾ ಅತಿ ದಪ್ಪವಾಗಿರುವ ಪಶ್ಚಿಮ ಘಟ್ಟದಲ್ಲಿ ಹರಿವುಗಳ ನಡುವೆ ಸಾಮಾನ್ಯವಾಗಿ ಸಿಗುವುದು ಕೆಂಪು ಬೋಲ್ ಎಂಬ ಸುಟ್ಟಿಟ್ಟಿಗೆ ಬಣ್ಣದ ಮಣ್ಣಿನ ಪಟ್ಟಿ. ಗಿಡದ ಗುರುತು ಅದರಲ್ಲಿ ಕಮ್ಮಿ. ಪಳೆಯುಳಿಕೆಯ ಹೆಸರಾಂತ ಜಾಗಗಳು ಬಹುಪಾಲು ಟ್ರ್ಯಾಪಿನ ಅಂಚುಗಳಲ್ಲಿವೆ. ಅಂಚಿಗೆ ಲಾವಾ ತಲುಪಿದ್ದು ಅಪರೂಪಕ್ಕೆ. ನಡುವಿನ ಬಿಡುವಿನಲ್ಲಿ ಕೆರೆಯೂ ಕಾಡೂ ಬೆಳೆಯಲು ಪುರುಸೊತ್ತಿತ್ತು. ಅಂದರೆ ನಮಗೆ ಗೊತ್ತಿರುವುದು ಲಾವಾ ನಾಡಿನ ಗಡಿಯ ಕಾಡು. ನಡುನಾಡಿನಲ್ಲಿ ಏನಿತ್ತೆಂಬುದನ್ನು ಅದರಿಂದ ಊಹಿಸಬೇಕು.

ನಾಗಪುರದ ಪಾದ್ರಿಗಳು, ಸರ್ವೆಯ ಅಧಿಕಾರಿಗಳು

ಮದ್ರಾಸ್ ಸೈನ್ಯದ ವೈದ್ಯ ಮಾಲ್ಕಮ್‌ಸನ್ 1837ರಲ್ಲಿ ದಖನ್ನಿನ ಪೂರ್ವಭಾಗದ ಈ ಪದರಗಳ ವಿವರ ಮಂಡಿಸಿದ. ಅವನು ಕೂಡಿಟ್ಟ ಬಸವನಹುಳುಗಳಲ್ಲಿ ಒಂದಕ್ಕೆ ಫೈಸಾ ಪ್ರಿನ್ಸೆಪಿ ಎಂಬ ಹೆಸರು ಬಂತು. ಅದು ಕಂಡಲ್ಲೆಲ್ಲ ಇಂಟರ್‌ಟ್ರ್ಯಾಪಿಯನ್ ಎಂದು ಬರೆದುಕೊಳ್ಳುವ ರೂಢಿ ಬಹುಕಾಲ ನಡೆಯಿತು. ಗಿಡಗಳ ಮೊದಲ ದೊಡ್ಡ ಸಂಗ್ರಹ ಮಾಡಿದವರು ನಾಗಪುರದ ಸ್ಕಾಟಿಷ್ ಪಾದ್ರಿಗಳಾದ ಸ್ಟೀಫನ್ ಹಿಸ್ಲಪ್ ಮತ್ತು ರಾಬರ್ಟ್ ಹಂಟರ್. ಅವರ ಬರಹ 1855ರದು. ಹಿಸ್ಲಪ್ ಈ ಪದರಗಳನ್ನು ಟರ್ಷರಿ ಯುಗದ ಆದಿಗೆ, ಅಂದರೆ ಡೈನೋಸಾರ್‌ಗಳು ಅಳಿದ ನಂತರದ ಕಾಲಕ್ಕೆ ಸೇರಿಸಿದ. ಎಲ್ಲ ಕಡೆಯ ಪದರಗಳೂ ಒಂದೇ ಮಹಾಸರೋವರದ ತಳ, ಮೇಲಿನ ಲಾವಾ ಅದರ ಮೇಲೆ ಹರಿದದ್ದು, ಕೆಳಗಿನದು ಆಮೇಲೆ ಅಡಿಯಿಂದ ನುಗ್ಗಿದ್ದು ಎಂಬುದು ಅವನ ಎಣಿಕೆ.

ಎರಡನೆಯ ಮಾತನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಬ್ಲ್ಯು. ಟಿ. ಬ್ಲಾನ್‌ಫರ್ಡ್ ತಳ್ಳಿಹಾಕಿದ. ಕೆಳಗಿನ ಲಾವಾವೂ ನೆಲದ ಮೇಲೆಯೇ ಹರಿದದ್ದು, ಪದರಗಳು ಬೇರೆ ಬೇರೆ ಕೆರೆಗಳವು ಎಂದು ಅವನು ಎತ್ತಿ ತೋರಿಸಿದ. ಈ ತಿದ್ದುಪಡಿಯ ಬೆಲೆ ಆಗ ಪೂರ್ತಿ ಅರಿವಾದಂತಿಲ್ಲ. ರಾಯದುರ್ಗದ ಕೆರೆಯ ಹೂಳಿಗೂ ಮಡಕಶಿರದ ಕೆರೆಯ ಹೂಳಿಗೂ ಬಣ್ಣ ಒಂದೇ ಆಗಿರಬಹುದು, ಕೊಕ್ಕರೆ ತಂದ ಹುಲ್ಲಿನ ಬೀಜವೂ ಒಂದೇ ಇರಬಹುದು. ಎರಡೂ ಕೂತದ್ದು ಒಂದೇ ಮಳೆಗಾಲದಲ್ಲಿ ಎಂದು ಅಷ್ಟರಿಂದ ಹೇಳಲಾಗದು. ಇಂಟರ್‌ಟ್ರ್ಯಾಪಿಯನ್ ಎಂಬ ಒಂದೇ ಹೆಸರು ನೂರಾರು ಕೆರೆಗಳನ್ನು ಒಂದು ಕಾಲಕ್ಕೆ ಕಟ್ಟಿಹಾಕಿತು. ಮುಂದಿನ ಅರ್ಧ ಜಗಳಕ್ಕೆ ಈ ಹೆಸರೇ ಕಾರಣ.

ಬ್ಲಾನ್‌ಫರ್ಡ್ ಕಾಲನಿರ್ಣಯಕ್ಕೆ ಗಿಡಗಳನ್ನು ಹೆಚ್ಚು ನಂಬಲಿಲ್ಲ. ನರ್ಮದೆಯ ಬಳಿ ಟ್ರ್ಯಾಪಿನ ಕೆಳಗೆ ಬಾಘ್‌ನ ಕ್ರಿಟೇಶಿಯಸ್ (ಟರ್ಷರಿಗೆ ಹಿಂದಿನ, ಡೈನೋಸಾರ್‌ಗಳ ಕೊನೆಯ ಯುಗ) ಪದರಗಳಿವೆ. ಗುಜರಾತಿನಲ್ಲಿ ಟ್ರ್ಯಾಪಿನ ಮೇಲೆ ಟರ್ಷರಿಯ ಇಯೋಸೀನ್ ಕಾಲದ ಸಮುದ್ರದ ಪದರಗಳಿವೆ, ಅವುಗಳೊಳಗೆ ಸವೆದ ಟ್ರ್ಯಾಪಿನ ಚೂರುಗಳೂ ಇವೆ. ಲಾವಾ ಹರಿದು, ತಣಿದು, ಸವೆಯಲು ಕಾಲ ಬೇಕಲ್ಲ; ಆದ್ದರಿಂದ ಟ್ರ್ಯಾಪು ಕ್ರಿಟೇಶಿಯಸ್‌ನ ಕೊನೆಯದು ಎಂದ. 1879ರ ಸರ್ವೇಕ್ಷಣೆಯ ಕೈಪಿಡಿಯಲ್ಲಿ ಅದೇ ಅಧಿಕೃತ ನಿಲುವಾಯಿತು.

ಸಾಹ್ನಿ ಎತ್ತಿದ ಪ್ರಶ್ನೆ

ಐವತ್ತು ವರ್ಷಕ್ಕೂ ಹೆಚ್ಚು ನಿಂತ ಈ ನಿಲುವನ್ನು ಅಲುಗಾಡಿಸಿದವರು ಲಖನೌದ ಬೀರಬಲ್ ಸಾಹ್ನಿ. ದಖನ್ ಟ್ರ್ಯಾಪ್ ಕ್ರಿಟೇಶಿಯಸ್ಸೋ ಟರ್ಷರಿಯೋ ಎಂಬ ಅವರ ಲೇಖನ 1934ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ ಬಂತು. 1940ರ ಮದ್ರಾಸಿನ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷ ಭಾಷಣದಲ್ಲಿ ದಖನ್ ಟ್ರ್ಯಾಪ್ ಟರ್ಷರಿ ಯುಗದ ಅಧ್ಯಾಯ ಎಂದು ಖಚಿತವಾಗಿಯೇ ಸಾರಿದರು.

ಅವರ ತರ್ಕ ಹೀಗಿತ್ತು. ಇಲ್ಲಿನ ಕಾಡಿನಲ್ಲಿ ತಾಳೆ ಜಾತಿಯ ಮರಗಳೇ ಮೆರೆದಿವೆ. ಕೊಲ್ಲಿಯ ಕೆಸರಿನಲ್ಲಿ ಬೆಳೆಯುವ ನೀಪಾ ತಾಳೆಯ ಹಣ್ಣುಗಳು ಮೊಹಗಾಂವ್ ಕಲಾಂನಲ್ಲಿ ಸಿಕ್ಕಿವೆ. ಅಂಥವೇ ಹಣ್ಣುಗಳು ಲಂಡನ್ನಿನ ಇಯೋಸೀನ್ ಜೇಡಿಯಲ್ಲಿ ರಾಶಿರಾಶಿ ಇವೆ. ಅಜೋಲಾದಂಥ ಹೊಸ ರೂಪದ ನೀರು ಜರಿಗಿಡಗಳೂ ಇವೆ. ಇಷ್ಟು ಆಧುನಿಕ ಕಾಡು ಡೈನೋಸಾರ್‌ಗಳ ಕಾಲದ್ದಾಗಿರಲಾರದು.

ಅವರಿಗೆ ಬೆಂಬಲ ಬಂದದ್ದು ಕರ್ನಾಟಕದಿಂದ. ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್, ಎಸ್. ಆರ್. ನಾರಾಯಣರಾವ್, ಕೆ. ಶ್ರೀಪಾದರಾವ್ 1930ರ ದಶಕದಲ್ಲಿ ರಾಜಮಹೇಂದ್ರಿಯ ಇಂಟರ್‌ಟ್ರ್ಯಾಪಿಯನ್ ಸುಣ್ಣಕಲ್ಲಿನ ಪಾಚಿಗಳನ್ನೂ ಫೊರಾಮಿನಿಫೆರಾ ಎಂಬ ಏಕಕೋಶದ ಚಿಪ್ಪುಜೀವಿಗಳನ್ನೂ ಬಿಡಿಸಿ ನೋಡುತ್ತಿದ್ದರು. ಅವು ಟರ್ಷರಿಯ ಕಡೆಗೆ ಕೈತೋರಿದವು. ರಾಜಮಹೇಂದ್ರಿಯಲ್ಲಿ ಸಮುದ್ರದ ಜೀವಿಗಳಿದ್ದದ್ದರಿಂದ ಅದರ ಸಾಕ್ಷ್ಯಕ್ಕೆ ತೂಕ ಹೆಚ್ಚು. ಸಮುದ್ರದ ಪಳೆಯುಳಿಕೆಗಳನ್ನು ಜಗತ್ತಿನ ಬೇರೆಡೆಯವುಗಳೊಂದಿಗೆ ಹೋಲಿಸಬಹುದು. ರಾಮರಾವ್ ಕ್ರಿಟೇಶಿಯಸ್–ಟರ್ಷರಿ ಗಡಿಯ ಪ್ರಶ್ನೆಯನ್ನು ದಶಕಗಳ ಕಾಲ ಬಿಡಲಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿದ್ದರ ಹಿಂದೆಯೂ ಅವರ ದುಡಿಮೆಯಿದೆ.

ಸಾಹ್ನಿಯವರ ವಾದ ಎಲ್ಲಿ ಕುಂಟಿತು? ಹೋಲಿಕೆಗೆ ಅವರಿಗಿದ್ದ ಅಳತೆಗೋಲು ಯುರೋಪಿನದು. ನೀಪಾ ಲಂಡನ್ನಿನಲ್ಲಿ ಇಯೋಸೀನಿನಲ್ಲಿ ಹೇರಳವಾಗಿದ್ದರೆ ಜಗತ್ತಿನಲ್ಲೆಲ್ಲ ಅದು ಹುಟ್ಟಿದ್ದೂ ಆಗಲೇ ಎಂದಾಗದು. ನೀಪಾದ ಪರಾಗ ಉಷ್ಣವಲಯದ ಹಲವೆಡೆ ಕ್ರಿಟೇಶಿಯಸ್‌ನ ಕೊನೆಯ ಪದರಗಳಲ್ಲಿಯೇ ಆಮೇಲೆ ಸಿಕ್ಕಿತು. ಬಿಸಿ ಸೀಮೆಯ ಕಾಡು ತಂಪು ಸೀಮೆಯ ಕಾಡಿಗಿಂತ ಮೊದಲೇ ‘ಆಧುನಿಕ’ವಾಗಿತ್ತು. ವಾದ ಸೋತರೂ ಅದಕ್ಕಾಗಿ ಅವರು ಮಾಡಿದ ಕೆಲಸ ಸೋಲಲಿಲ್ಲ. ಲಖನೌದ ಪುರಾಸಸ್ಯವಿಜ್ಞಾನ ಸಂಸ್ಥೆಗೆ ನೆಹರೂ 1949ರ ಏಪ್ರಿಲ್ 3ರಂದು ಶಂಕುಸ್ಥಾಪನೆ ಮಾಡಿದರು; ಆ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಹುದುಗಿಸಿದ್ದಾರೆ. ವಾರದೊಳಗೆ ಸಾಹ್ನಿ ತೀರಿಕೊಂಡರು. ಇಂದಿಗೂ ಈ ಪದರಗಳ ಗಿಡಗಳ ಬಗ್ಗೆ ಕೆಲಸ ಮಾಡುವವರು ಅವರ ಕಾಲದ ಚೆರ್ಟ್ ತುಂಡುಗಳಿಗೇ ಮರಳುತ್ತಾರೆ.

ಗಡಿಯ ಮೇಲೆ ಕೂತವರು

1980ರ ದಶಕದಲ್ಲಿ ಗಡಿಯಾರ ಗಿಡಗಳ ಕೈಯಿಂದ ಜಾರಿತು. ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೊ ಮತ್ತು ಸಂಗಡಿಗರು 1986ರಲ್ಲಿ, ಲಾವಾ ತಣಿಯುವಾಗ ಅದರಲ್ಲಿ ಅಚ್ಚಾದ ಭೂಕಾಂತ ದಿಕ್ಕನ್ನು ಓದಿ, ದಖನ್ನಿನ ಬಹುಪಾಲು ಲಾವಾ ಕಾಂತಕ್ಷೇತ್ರ ತಿರುಗುಮುರುಗಾಗಿದ್ದ ಒಂದೇ ಕಿರು ಅವಧಿಯದು, ಆ ಅವಧಿಯೊಳಗೇ ಕ್ರಿಟೇಶಿಯಸ್ ಮುಗಿದು ಪ್ಯಾಲಿಯೋಜೀನ್ (ಟರ್ಷರಿಯ ಮೊದಲ ಭಾಗ) ಶುರುವಾಗುತ್ತದೆ ಎಂದರು. ಪಳೆಯುಳಿಕೆಗಳ ಕಡೆಯಿಂದ 1988ರಲ್ಲಿ ವಿಕಾರಾಬಾದ್ ಬಳಿಯ ನಾಸ್ಕಲ್‌ನ ಇಂಟರ್‌ಟ್ರ್ಯಾಪಿಯನ್ ಪದರದಲ್ಲಿ ಜಿ. ವಿ. ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಭಾರತದ ಮೊದಲ ಕ್ರಿಟೇಶಿಯಸ್ ಸಸ್ತನಿಯ ಹಲ್ಲುಗಳನ್ನು ಪ್ರಕಟಿಸಿದರು. ಅದಕ್ಕೆ ಡೆಕ್ಕನೊಲೆಸ್ಟಿಸ್ ಹಿಸ್ಲೊಪಿ ಎಂದು ಹೆಸರು. ಟರ್ಷರಿ ಎಂದ ಪಾದ್ರಿಯ ಹೆಸರು ಕ್ರಿಟೇಶಿಯಸ್ ಪ್ರಾಣಿಯ ಮೇಲೆ ಕೂತಿದೆ.

ರಾಜಮಹೇಂದ್ರಿಯ ಪದರವನ್ನು ಮತ್ತೆ ನೋಡಿದ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು 2008ರಲ್ಲಿ ಅಲ್ಲಿನ ತೇಲುವ ಫೊರಾಮಿನಿಫೆರಾ ಪ್ಯಾಲಿಯೋಜೀನ್‌ನ ಮೊದಲ ಹಂತದವು ಎಂದು ತೋರಿಸಿದರು. ಬೆಂಗಳೂರಿನ ರಾಯರುಗಳು ಅಷ್ಟು ದೂರ ತಪ್ಪಿರಲಿಲ್ಲ. ರಾಜಮಹೇಂದ್ರಿಯ ಲಾವಾ ಪಶ್ಚಿಮ ಘಟ್ಟದ ಕಡೆಯಿಂದ ಸುಮಾರು 1,000 ಕಿ.ಮೀ. ಕಣಿವೆಗಳಗುಂಟ ಹರಿದು ಬಂದದ್ದು ಎಂಬ ವಾದವೂ ಅದೇ ವರ್ಷ ಬಂತು. ನಾಸ್ಕಲ್ ಗಡಿಗೆ ಮುಂಚಿನದು, ರಾಜಮಹೇಂದ್ರಿ ಗಡಿಯ ನಂತರದ್ದು. ಹಿಸ್ಲಪ್, ಬ್ಲಾನ್‌ಫರ್ಡ್ ಇಬ್ಬರಿಗೂ ಒಂದೊಂದು ಜಾಗದಲ್ಲಿ ಗೆಲುವು.

ಈಗಿನ ಕಾಲನಿರ್ಣಯ ಜಿರ್ಕಾನ್ ಮತ್ತು ಆರ್ಗಾನ್‌ಗಳದು. 2019ರ ಫೆಬ್ರುವರಿಯಲ್ಲಿ ‘ಸೈನ್ಸ್’ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧ ಅಚ್ಚುಹಾಕಿತು. ಬ್ಲೇರ್ ಶೋನ್ ತಂಡ ಕೆಂಪು ಬೋಲ್‌ಗಳಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಿಂದ, ಲಾವಾ ನಾಲ್ಕು ಉಕ್ಕುಗಳಲ್ಲಿ ಬಂತು, ಒಂದು ಉಕ್ಕು ಡೈನೋಸಾರ್‌ಗಳ ಅಳಿವಿಗೆ ಸ್ವಲ್ಪ ಮುಂಚಿನದು ಎಂದಿತು. ಕೋರ್ಟ್ನಿ ಸ್ಪ್ರೇನ್ ತಂಡ ಆರ್ಗಾನ್ ಅಳತೆಯಿಂದ, ಹೆಚ್ಚಿನ ಲಾವಾ ಅಳಿವಿನ ನಂತರ ಬಂದದ್ದು ಎಂದಿತು. ಗಿಡಗಳಿಲ್ಲವೆಂದು ಪುರಾಸಸ್ಯವಿಜ್ಞಾನಿಗಳು ದಾಟಿಹೋಗುತ್ತಿದ್ದ ಕೆಂಪು ಮಣ್ಣೇ ಕೊನೆಗೆ ಕಾಲ ಹೇಳಿತು ಎಂಬುದು ನನಗೆ ಖುಷಿ ಕೊಡುವ ಸಂಗತಿ.

ಕನ್ನಡ ನಾಡಿನ ಪಾಲು ಇಲ್ಲಿ ಚಿಕ್ಕದು, ಆದರೆ ಗಟ್ಟಿ. ಆಗಿನ ಗುಲ್ಬರ್ಗಾ ಜಿಲ್ಲೆಯ ಇಂಟರ್‌ಟ್ರ್ಯಾಪಿಯನ್ ಪದರಗಳ ಕಾರಾ ಪಾಚಿಗಳ ಬೀಜಾಂಡಗಳೂ, 2002ರಲ್ಲಿ ವಿವರವಾಗಿ ಪ್ರಕಟವಾದ ಆಸ್ಟ್ರಕೋಡ್ ಎಂಬ ಸಾಸಿವೆಗಿಂತ ಸಣ್ಣ ಚಿಪ್ಪುಜೀವಿಗಳೂ ಸಿಹಿನೀರಿನವು, ಕ್ರಿಟೇಶಿಯಸ್‌ನ ಕೊನೆಯವು ಎಂಬ ತೀರ್ಮಾನಕ್ಕೆ ಒಯ್ದಿವೆ. ಗುರುಮಠಕಲ್ ಕಡೆಯ ಕೀರ್ತಿ ಈ ಸೂಕ್ಷ್ಮ ಜೀವಾವಶೇಷಗಳದು. ಹಣ್ಣು ಹೂಗಳ ಕೀರ್ತಿ ನಾಗಪುರ, ಛಿಂದ್ವಾಡಾದ್ದು.

ಬಂದದ್ದೆಲ್ಲಿಂದ?

ಕಾಲ ಹೇಳುವ ಹೊಣೆ ಕಳಚಿದ ಮೇಲೆ ಗಿಡಗಳು ಬೇರೊಂದು ಕೆಲಸಕ್ಕೆ ಬಂದವು. ಆಗ ಭಾರತ ಸಮಭಾಜಕದ ದಕ್ಷಿಣಕ್ಕೆ, ಮಡಗಾಸ್ಕರಿನಿಂದ ಬಿಡಿಸಿಕೊಂಡು, ಏಷ್ಯಾವನ್ನು ಇನ್ನೂ ಮುಟ್ಟದೆ, ಸಮುದ್ರದ ನಡುವೆ ಇತ್ತು. ಅಂಥ ನೆಲದಲ್ಲಿ ಇಂದಿನ ಉಷ್ಣವಲಯದ ಕುಟುಂಬಗಳ ಅತಿ ಹಳೆಯ ಪ್ರತಿನಿಧಿಗಳು ಒಂದೊಂದಾಗಿ ಕಾಣಿಸತೊಡಗಿವೆ. 2013ರಲ್ಲಿ ಸ್ಟೀವನ್ ಮ್ಯಾಂಚೆಸ್ಟರ್, ದಶರಥ ಕಾಪಗತೆ, ಜುನ್ ವೆನ್ ದಖನ್ ಚೆರ್ಟಿನಲ್ಲಿ ದ್ರಾಕ್ಷಿ ಕುಟುಂಬದ ಆವರೆಗಿನ ಅತಿ ಹಳೆಯ ಹಣ್ಣುಗಳನ್ನು ಪ್ರಕಟಿಸಿದರು; ನಾಗಪುರದಲ್ಲಿ ಬಹುಕಾಲ ಕೆಲಸ ಮಾಡಿದ ಪುರಾಸಸ್ಯವಿಜ್ಞಾನಿ ಚಿಟಳೆಯವರ ನೆನಪಿಗೆ ಇಂಡೊವೈಟಿಸ್ ಚಿಟಲೇಯೆ ಎಂದು ಹೆಸರು. ವಿಜಯಪುರದ ದ್ರಾಕ್ಷಿ ತೋಟಗಳು ನಿಂತಿರುವುದೂ ಅದೇ ಲಾವಾದ ಮೇಲೆ ಎಂದು ನೆನೆದರೆ ಮಜವೆನಿಸುತ್ತದೆ, ಇವೆರಡಕ್ಕೂ ನೇರ ನಂಟಿಲ್ಲದಿದ್ದರೂ. 2019ರಲ್ಲಿ ಕೆಲ್ಲಿ ಮಾಟ್ಸುನಾಗ ಮತ್ತು ಸಂಗಡಿಗರು ಎಕ್ಸ್‌ರೇ ಸ್ಕ್ಯಾನ್ ಮಾಡಿ, ನಾವು ತಾಟಿನಿಂಗು ತಿನ್ನುವ ತಾಳೆಯ ಬಳಗಕ್ಕೆ ಸೇರುವ ಹಣ್ಣುಗಳು ಈ ಪದರಗಳಲ್ಲಿವೆ ಎಂದು ತೋರಿಸಿದರು. ಕಲ್ಲನ್ನು ಆಮ್ಲಕ್ಕೆ ಅದ್ದುವ ಕೆಲಸ ತಪ್ಪಿತು.

ಟ್ರ್ಯಾಪಿಗೂ ಕೆಳಗಿನ ಲಮೇಟಾ ಪದರದ್ದೊಂದು ಮಾತು. ಮಹಾರಾಷ್ಟ್ರದ ಪಿಸ್ಡೂರಾದಲ್ಲಿ ಸಿಕ್ಕ ಪಳೆಯುಳಿಕೆ ಸಗಣಿಯಲ್ಲಿ ಹುಲ್ಲಿನ ಸಿಲಿಕ ಕಣಗಳಿವೆ ಎಂದು 2005ರಲ್ಲಿ, ಅವುಗಳಲ್ಲಿ ಭತ್ತದ ಬಳಗದವೂ ಇವೆ ಎಂದು 2011ರಲ್ಲಿ ಪ್ರಕಟವಾಯಿತು. ಡೈನೋಸಾರ್ ಹುಲ್ಲು ತಿನ್ನುತ್ತಿತ್ತು ಎಂಬುದು ಪತ್ರಿಕೆಗಳಿಗೆ ಸುದ್ದಿಯಾಯಿತು. ಭತ್ತದ ವಂಶ ಅಷ್ಟು ಹಿಂದಿನದೆಂಬುದು ಸಸ್ಯವಿಜ್ಞಾನಿಗಳಿಗೆ ಅದಕ್ಕಿಂತ ದೊಡ್ಡ ಸುದ್ದಿ.

ಇವನ್ನು ವಿವರಿಸಲು ಎರಡು ಪಕ್ಷಗಳಿವೆ. ದಕ್ಷಿಣದ ಹಳೆಯ ಮಹಾಖಂಡವಾದ ಗೊಂಡ್ವಾನದ ಕಾಲದಿಂದ ಭಾರತ ಹೊತ್ತು ತಂದ ಸಸ್ಯಗಳೇ ಏಷ್ಯಾಕ್ಕೆ ಇಳಿದವು ಎನ್ನುತ್ತದೆ ಒಂದು. ನಮ್ಮ ಘಟ್ಟದ ಧೂಪದ ಮರ ಸೇರಿದ ಡಿಪ್ಟೆರೊಕಾರ್ಪ್ ಕುಟುಂಬ ಆಫ್ರಿಕಾದಿಂದ ಭಾರತಕ್ಕೆ, ಇಲ್ಲಿಂದ ಆಗ್ನೇಯ ಏಷ್ಯಾಕ್ಕೆ ಹೋಯಿತು ಎಂದು 2022ರಲ್ಲಿ ‘ಸೈನ್ಸ್’ನಲ್ಲಿ ಬಂದ ಪರಾಗದ ಅಧ್ಯಯನ ಈ ಪಕ್ಷಕ್ಕೆ ಬಲ ತಂದಿದೆ. ಭಾರತ ಅಷ್ಟೇನೂ ಒಂಟಿಯಾಗಿರಲಿಲ್ಲ, ದ್ವೀಪಸಾಲುಗಳ ಮೂಲಕ ಉತ್ತರದಿಂದಲೂ ಜೀವಿಗಳು ಬರುತ್ತಿದ್ದವು ಎನ್ನುತ್ತದೆ ಇನ್ನೊಂದು. ಎರಡಕ್ಕೂ ಒಂದೇ ಅಡ್ಡಿ: ಹಳೆಯ ಗುರುತಿಸುವಿಕೆಗಳಲ್ಲಿ ಹಲವು ಮೇಲುನೋಟದ ಹೋಲಿಕೆಯವು. ಕಲ್ಲಾದ ಮರದ ತುಂಡಿಗೆ ಇಂದಿನ ಜಾತಿಯ ಹೆಸರನ್ನು ಅಂಟಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಅವನ್ನು ಮತ್ತೆ ನೋಡದೆ ಭೂಪಟದ ಮೇಲೆ ಬಾಣದ ಗುರುತು ಎಳೆಯುವುದು ಅವಸರದ ಕೆಲಸ.

ತೀರ್ಮಾನವಾಗದೆ ಉಳಿದವು

ಲಾವಾ ಈ ಕಾಡನ್ನು ಏನು ಮಾಡಿತು? ಬಂದನಾ ಸಾಮಂತ್ ಮತ್ತು ಡಿ. ಎಂ. ಮೊಹಬೆ 2009ರಲ್ಲಿ ಮಧ್ಯಭಾರತದ ಪರಾಗಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತ ಹೋಗಿ, ಜ್ವಾಲಾಮುಖಿ ಶುರುವಾದಂತೆ ಸಸ್ಯಗಳ ಮೇಳವೇ ಬದಲಾಗುತ್ತದೆ, ಜರಿಗಿಡ ಶಿಲೀಂಧ್ರಗಳ ಪಾಲು ಏರುತ್ತದೆ ಎಂದರು. ಆ ಬದಲಾವಣೆ ಆಯಾ ಕೆರೆಯ ಸುತ್ತಲಿನದೋ, ಹವೆಯೇ ಕೆಟ್ಟದ್ದರದೋ ಎಂದು ಬಿಡಿಸಿ ಹೇಳಲು, ಒಂದೇ ಜಾಗದಲ್ಲಿ ಗಡಿಯ ಎರಡೂ ಬದಿಯನ್ನು ಬಿಡದೆ ಹಿಡಿದಿಟ್ಟ ಪದರ ಬೇಕು. ಕಛ್‌ನ ಅಂಜಾರ್‌ನಲ್ಲಿ ಇರಿಡಿಯಂ ಹೆಚ್ಚಿರುವ ಪಟ್ಟಿಗಳು 1990ರ ದಶಕದಲ್ಲಿ ಸಿಕ್ಕಾಗ ಅಂಥ ಪದರ ಸಿಕ್ಕಿತೆಂಬ ಆಸೆ ಹುಟ್ಟಿತ್ತು. ಅವು ಡೈನೋಸಾರ್‌ಗಳ ಅಳಿವಿನ ಕಾಲದ ಉಲ್ಕಾಪಾತದ ಪಟ್ಟಿಯೇ ಹೌದೇ ಎಂಬ ಬಗ್ಗೆ ಒಮ್ಮತ ಬರಲಿಲ್ಲ.

ಸಮುದ್ರದ ಪ್ರಶ್ನೆ ಇನ್ನೊಂದು. ಕರಾವಳಿಯಿಂದ ನೂರಾರು ಕಿ.ಮೀ. ಒಳಗಿರುವ ಛಿಂದ್ವಾಡಾದ ಝಿಲ್ಮಿಲಿಯಲ್ಲಿ ಸಮುದ್ರದ ಫೊರಾಮಿನಿಫೆರಾ ಸಿಕ್ಕಿವೆ ಎಂದು ಕೆಲ್ಲರ್ ತಂಡ 2009ರಲ್ಲಿ ಬರೆಯಿತು. ಅದೇ ಜಿಲ್ಲೆಯ ನೀಪಾವನ್ನು ಇದರ ಪಕ್ಕಕ್ಕಿಟ್ಟರೆ, ನರ್ಮದೆಯ ಕಣಿವೆಯಗುಂಟ ಸಮುದ್ರದ ತೋಳೊಂದು ಒಳನುಗ್ಗಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಹೌದಾದರೆ ಮಧ್ಯಭಾರತದ ಆ ಕಾಡಿನ ಒಂದು ಭಾಗ ಕೆರೆಯಂಚಿನದಾಗಿರದೆ ಅಳಿವೆಯಂಚಿನದಾಗಿರಬೇಕು. ಇಲ್ಲವಾದರೆ ಆ ಸೂಕ್ಷ್ಮಜೀವಿಗಳು ಅಲ್ಲಿಗೆ ಬಂದ ಬಗೆಯನ್ನು ಬೇರೆಯಾಗಿ ವಿವರಿಸಬೇಕು. ಪದರ ಪದರಕ್ಕೂ, ಕೆರೆ ಕೆರೆಗೂ ಬೇರೆಬೇರೆಯಾಗಿ ವಯಸ್ಸು ಕಟ್ಟುವವರೆಗೆ ಮೊಹಗಾಂವ್ ಕಲಾಂನ ಹಣ್ಣು, ಝಿಲ್ಮಿಲಿಯ ಚಿಪ್ಪು, ಗುರುಮಠಕಲ್ಲಿನ ಪಾಚಿ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಸಾಲು ಕೂಡ ಪೂರ್ತಿ ಸರಿಹೊಂದುವುದಿಲ್ಲ.